ಮೊಟ್ಟೆ ಇಡದ ಹಾವು

ರೇನ್‌ಬೋ ಬೋವಾ ಅನ್ನೋ ಹಾವು ಮರಿ ಹಾಕುವ ವಿಡಿಯೋ ಗದಗಿನ ಗೆಳೆಯ ಕಳಿಸಿದ್ದ, ಇನ್ನೂ ತಲೆಯಿಂದ ಹೋಗಿಲ್ಲ. ಮೊಟ್ಟೆಯ ಮಾತೇ ಇಲ್ಲ, ತೆಳು ಚೀಲದೊಳಗೆ ಸುತ್ತಿಕೊಂಡೇ ಹೊರಬರುವ ಮರಿ ಮೂತಿಯಿಂದ ಅದನ್ನು ಹರಿದು ತಲೆ ಎತ್ತುತ್ತದೆ, ಬೆಳಕು ಬಿದ್ದ ಕಡೆ ಮೈಮೇಲೆ ನೀಲಿ, ಹಸಿರು ಹರಿದಾಡುತ್ತದೆ. ತಾಯಿ ಸುಮಾರು 5 ತಿಂಗಳು ಹೊರುತ್ತದೆ. ಅಮೆಜಾನ್ ಕಾಡಿನ ಜೀವ, ತೇವ ಜಾಸ್ತಿ ಬೇಕು. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಆ ತೇವ ಕಾಪಾಡುವುದು ಸುಮ್ನೆ ಮಾತಲ್ಲ. ಇದನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಮರಿ ಹುಟ್ಟಿದರೂ ತಿಳಿಸಬೇಕು, ಅದು ಸರಿಯೇ.

ನಮ್ಮ ಎರೆಹೊಲದ ಕಡೆ ಸಿಗುವ ಮಣ್ಣುಮುಕ್ಕ ಹಾವೂ ಹೀಗೇ ಮರಿ ಹಾಕುತ್ತದೆ ಅಲ್ವಾ? ಅದನ್ನು ಎರಡು ತಲೆ ಹಾವು, ಅದೃಷ್ಟ ಅಂತ ಹಿಡಿದು ಮಾರುವವರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ವಿಷವಿಲ್ಲದ ಹಾವು, ಇಲಿ ಹಿಡಿದು ತಿನ್ನುತ್ತದೆ. ಹೊಲದಲ್ಲಿ ಕಂಡರೆ ದಯವಿಟ್ಟು ಅದರ ಪಾಡಿಗೆ ಬಿಟ್ಟುಬಿಡಿ.