30 ಡಿಗ್ರಿ ಟ್ಯೂಬು 50ರದ್ದಕ್ಕಿಂತ ಕೆಂಪಾದರೆ

ಬೀಟ್‌ರೂಟ್ ಪ್ರಾಕ್ಟಿಕಲ್: ತುಂಡುಗಳನ್ನು ಬೇರೆ ಬೇರೆ ತಾಪಮಾನದ ನೀರಿನಲ್ಲಿ ಅದ್ದಿ, ಕೋಶದ ಪೊರೆ ಕೆಟ್ಟು ಎಷ್ಟು ಬಣ್ಣ ಸೋರುತ್ತದೆ ಎಂದು ನೋಡುವುದು. ಬಿಸಿ ಹೆಚ್ಚಿದಂತೆ ಕೆಂಪೂ ಹೆಚ್ಚಬೇಕು. ಬೆಲ್‌ಗೆ ಹತ್ತೇ ನಿಮಿಷ. ಒಂದು ಬ್ಯಾಚಿನ ರ್‍ಯಾಕ್‌ನಲ್ಲಿ 30 ಡಿಗ್ರಿಯ ಟ್ಯೂಬು 50ರದ್ದಕ್ಕಿಂತ ಕೆಂಪು. ಪಕ್ಕದ ಬ್ಯಾಚಿನ ‘ಓಡಿ’ (ಆಪ್ಟಿಕಲ್ ಡೆನ್ಸಿಟಿ, ಬಣ್ಣ ಎಷ್ಟು ದಟ್ಟ ಎಂದು ಕಲರಿಮೀಟರ್ ತೋರಿಸುವ ಅಂಕಿ) ನೋಡಿ ರೆಕಾರ್ಡ್ ತುಂಬಿಸಲು ಮಕ್ಕಳು ಆಗಲೇ ಪೆನ್ಸಿಲ್ ಎತ್ತಿದ್ದರು. ಇದಕ್ಕೆ ಮಾತ್ರ ಯಾವ ಲೆಕ್ಚರರೂ ಬಿಡಬಾರದು. ಆ ಕೆಂಪಿಗೂ ಒಂದು ಕಾರಣವಿದೆ, ಹುಡುಕಿದರೆ ಸಿಗುತ್ತದೆ.

ಹತ್ತಕ್ಕೆ ಒಂಬತ್ತು ಸಲ ಕಾರಣ ತೊಳೆಯುವುದರಲ್ಲೇ ಇರುತ್ತದೆ. ಬೋರರ್ (ತುಂಡು ತೆಗೆಯುವ ಚೂಪು ಕೊಳವೆ) ತೂರಿದ ಕಡೆಯೆಲ್ಲ ಕೋಶಗಳು ಒಡೆದು ಬೀಟಾನಿನ್, ಅಂದರೆ ಬೀಟ್‌ರೂಟಿನ ಕೆಂಪು ಬಣ್ಣ, ಸುರಿದಿರುತ್ತದೆ. 5 ಮಿ.ಮೀ. ಬೋರರ್‌ನಲ್ಲಿ ತೆಗೆದು, ಸಿಪ್ಪೆಯ ತುದಿ ಬಿಸಾಡಿ, 1 ಸೆಂ.ಮೀ. ಉದ್ದಕ್ಕೆ ಕತ್ತರಿಸಿದ ತುಂಡುಗಳನ್ನು ನೀರು ಬದಲಿಸುತ್ತ ತೊಳೆಯಬೇಕು. ಬೀಕರಿನ ಹಿಂದೆ ಬಿಳಿ ಹಾಳೆ ಹಿಡಿದರೂ ಬಣ್ಣ ಕಾಣಬಾರದು. ಹಿಂದಿನ ಸಂಜೆಯೇ ಕತ್ತರಿಸಿ ರಾತ್ರಿಯಿಡೀ ಡಿಸ್ಟಿಲ್ಡ್ ವಾಟರ್‌ನಲ್ಲಿಟ್ಟರೆ ಇನ್ನೂ ಒಳ್ಳೆಯದು. ಒರೆಸುವಾಗ ಒತ್ತಬೇಡಿ. ಒಂದು ಸರಣಿಗೆ ಒಂದೇ ಗೆಡ್ಡೆ; ಗೆಡ್ಡೆಯಿಂದ ಗೆಡ್ಡೆಗೆ ಬಣ್ಣ ಬಹಳ ಬೇರೆಯಾಗುತ್ತದೆ.

ಇನ್ನು ವಾಟರ್ ಬಾತ್, ನೀರನ್ನು ಬೇಕಾದ ಬಿಸಿಯಲ್ಲಿಡುವ ತೊಟ್ಟಿ. ಇರುವುದು ಒಂದೇ, ಎರಡನೆಯದಕ್ಕೆ ಇಂಡೆಂಟ್ (ಬೇಡಿಕೆ ಪತ್ರ) ಹಾಕಿದರೆ ‘ಇರೋದೇ ಸಾಕಲ್ವಾ’ ಎಂದು ವಾಪಸ್ ಬರುತ್ತದೆ. ಒಂದೊಂದು ತಾಪಮಾನಕ್ಕೂ ಅರ್ಧ ಗಂಟೆ ಎಂದರೆ ಐದು ತಾಪಮಾನಕ್ಕೆ ಎರಡೂವರೆ ಗಂಟೆ. ಪ್ರಾಕ್ಟಿಕಲ್ ಅವಧಿಗೆ ಅದು ಹಿಡಿಯದು. ಹಾಗಾಗಿ ಬಿಸಿಯಲ್ಲಿ ಅದ್ದುವುದು ಒಂದೇ ನಿಮಿಷ. ಮೊದಲು 70, ಆಮೇಲೆ ತಣ್ಣೀರು ಬೆರೆಸುತ್ತ 60, 50, 40, 30. ಅದ್ದಿದ ತುಂಡನ್ನು ತಕ್ಷಣ 5 ಮಿ.ಲೀ. ಡಿಸ್ಟಿಲ್ಡ್ ವಾಟರ್ ಇರುವ ಟ್ಯೂಬಿಗೆ ಹಾಕಿ 20 ನಿಮಿಷ ಹೊರಗಿಡಿ. ಇದರಲ್ಲಿ ಇನ್ನೊಂದು ದೊಡ್ಡ ಲಾಭವಿದೆ. ಬಿಸಿನೀರಿನಲ್ಲೇ ಬಿಟ್ಟರೆ ಶಾಖಕ್ಕೆ ಡಿಫ್ಯೂಷನ್ (ಬಣ್ಣ ತಾನಾಗಿ ನೀರಿಗೆ ಹರಡುವುದು) ಕೂಡ ಜೋರಾಗುತ್ತದೆ, ಪೊರೆ ಎಷ್ಟು ಕೆಟ್ಟಿತು ಎಂಬುದು ಅದರಲ್ಲಿ ಕಲಸಿಹೋಗುತ್ತದೆ. ಇಲ್ಲಿ ಎಲ್ಲ ಟ್ಯೂಬೂ ಒಂದೇ ತಾಪಮಾನದಲ್ಲಿ ಸೋರುತ್ತವೆ. ಉಳಿಯುವ ವ್ಯತ್ಯಾಸ ಪೊರೆಯದು. ಥರ್ಮಾಮೀಟರನ್ನು ತುಂಡು ಮುಳುಗುವ ನೀರಿನಲ್ಲೇ ಇಡಿ, ಬಾತ್‌ನ ಡಯಲ್ ನಂಬಬೇಡಿ.

ಬಣ್ಣ ಇರುವುದು ವ್ಯಾಕ್ಯುವೋಲ್‌ನಲ್ಲಿ, ಕೋಶದೊಳಗಿನ ರಸ ತುಂಬಿದ ಚೀಲದಲ್ಲಿ. ಹೊರಬರಲು ಅದರ ಪೊರೆಯನ್ನೂ ಕೋಶಪೊರೆಯನ್ನೂ ದಾಟಬೇಕು. 40ರವರೆಗೆ ಸೋರಿಕೆ ಕಡಿಮೆ. 50 ದಾಟುತ್ತಿದ್ದಂತೆ ಪೊರೆಯ ಪ್ರೋಟೀನುಗಳು ರೂಪ ಕೆಟ್ಟು, ಲಿಪಿಡ್ ಪದರ ಸಡಿಲವಾಗಿ ಗ್ರಾಫ್ ಕಡಿದಾಗಿ ಏರುತ್ತದೆ. ಸಮಯವಿದ್ದರೆ 45, 55 ಸೇರಿಸಿ. ತಿರುವು ಎಲ್ಲಿ ಶುರುವಾಯಿತು ಎಂಬುದು ಆಗ ಮಾತ್ರ ಕಾಣುತ್ತದೆ.

ಕಲರಿಮೀಟರ್‌ಗೆ ಹಸಿರು ಫಿಲ್ಟರ್, 530–540 ನ್ಯಾನೋಮೀಟರ್ ಆಸುಪಾಸು. ಕೆಂಪು ಫಿಲ್ಟರ್ ಹಾಕಿದರೆ ಎಲ್ಲ ಟ್ಯೂಬೂ ಸೊನ್ನೆಯ ಹತ್ತಿರವೇ ನಿಲ್ಲುತ್ತವೆ. ಮೀಟರ್ ಒಂದೇ ಇದ್ದು ಸಾಲು ನಿಂತಾಗ ತುಂಡುಗಳನ್ನು ಟ್ಯೂಬಿನಲ್ಲೇ ಬಿಡುವವರು ಬಹಳ. ಅವು ಸೋರುತ್ತಲೇ ಇರುತ್ತವೆ, ಕೊನೆಯಲ್ಲಿ ನಿಂತವರ ಓಡಿ ಸುಮ್ಮನೆ ಏರುತ್ತದೆ. ಹಾಕಿದ ಕ್ರಮದಲ್ಲೇ, ಅಷ್ಟೇ ಅಂತರದಲ್ಲಿ ತುಂಡು ತೆಗೆದುಬಿಡಿ, ದ್ರಾವಣ ಕಾಯಬಹುದು. ಓದುವ ಮುನ್ನ ಟ್ಯೂಬು ಕುಲುಕಿ.

ಆ 30 ಡಿಗ್ರಿಯ ಓಡಿ ಬಂದ ಹಾಗೇ ರೆಕಾರ್ಡಿಗೆ ಹೋಗಲಿ, ಪಕ್ಕದಲ್ಲಿ ‘ಸರಿಯಾಗಿ ತೊಳೆದಿರಲಿಲ್ಲ’ ಎಂದು ಬರೆಯಲಿ, ಮರುದಿನ ಆ ಒಂದು ಟ್ಯೂಬು ಮತ್ತೆ ಮಾಡಲಿ. ಅದಕ್ಕೆಂದು ಉಳಿದ ತುಂಡುಗಳನ್ನು ನೀರಿನಲ್ಲಿ ಮುಳುಗಿಸಿ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿಡಿ, ಫ್ರೀಜರ್‌ನಲ್ಲಿ ಮಾತ್ರ ಬೇಡ. ಐಸ್ ಹರಳುಗಳು ಪೊರೆ ಹರಿದುಬಿಟ್ಟರೆ ಬಿಸಿಯೇ ತಾಗಿಸದ ಟ್ಯೂಬೂ ಕಡುಕೆಂಪಾಗುತ್ತದೆ.