ಯಾರ ಕೈಯ ಮದ್ದು

ಜುಲೈ 24, 2025, ಗುರುವಾರ
ಉಡುಪಿ

ಇವತ್ತು ಆಟಿ ಅಮಾವಾಸ್ಯೆ, ನಮ್ಮ ತುಳುನಾಡಿನಲ್ಲಿ ಪಾಲೆಯ ಕಹಿ ಕಷಾಯ ಕುಡಿಯುವ ದಿನ. ಬೆಳಕು ಹರಿಯುವ ಮೊದಲೇ ತಮ್ಮ ಗುಡ್ಡೆಗೆ ಹೋಗಿ ಪಾಲೆ ಮರದ ತೊಗಟೆ ತಂದಿದ್ದ. ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ಎಬ್ಬಿಸಿದ್ದು. ಅವನ ಹೆಂಡತಿ ಅದಕ್ಕೆ ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ ಅರೆದು ರಸ ಹಿಂಡಿ, ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ಅದರೊಳಗೆ ಹಾಕಿದಳು. ಚುಂಯ್ ಎಂದು ಎದ್ದ ಹಬೆಯ ಕಹಿ ಜಗಲಿಯವರೆಗೆ ಬಂತು. ಖಾಲಿ ಹೊಟ್ಟೆಗೆ ಅರ್ಧ ಲೋಟ ಕಷಾಯ, ಬಾಯಿಗೊಂದು ಚೂರು ಬೆಲ್ಲ, ಆಮೇಲೆ ಮೆಂತೆ ಗಂಜಿ. ಪಾಲೆಯೆಂದು ತಿಳಿದು ಕತ್ತಲಲ್ಲಿ ವಿಷದ ಮರ ಕಾಸರಕನ ತೊಗಟೆ ತಂದು ಜೀವಕ್ಕೆ ಕುತ್ತು ತಂದುಕೊಂಡವರ ಸುದ್ದಿ ನಮ್ಮ ಕಡೆ ಹೊಸದಲ್ಲ. ಆರೋಗ್ಯ ಇಲಾಖೆಯಲ್ಲಿ ಹತ್ತೊಂಬತ್ತು ವರ್ಷ ದುಡಿದ ನಾನು ಪ್ರತಿ ಆಟಿಯಲ್ಲೂ ಊರವರಿಗೆ ಈ ಎಚ್ಚರಿಕೆ ಹೇಳುತ್ತೇನೆ. ಆದರೆ ತಮ್ಮನ ಮನೆಯ ಲೋಟವನ್ನು ಮೂಸಿ ಕೂಡ ನೋಡದೆ ಕುಡಿದೆ. ಈಗ ರಾತ್ರಿ ಕುಳಿತು ಬರೆಯುವಾಗ ಆ ಲೋಟದ್ದೇ ಯೋಚನೆ.

ಗುರುವಾರ ಲಸಿಕೆಯ ದಿನ. ಮಧ್ಯಾಹ್ನ ಒಂದೂವರೆಯವರೆಗೆ ಅಂಗನವಾಡಿಯಲ್ಲಿ ಮಕ್ಕಳ ಅಳು, ತಾಯಂದಿರ ಮಾತು. ಅದು ಮುಗಿದ ಮೇಲೆ ಲಸಿಕೆಯ ಪೆಟ್ಟಿಗೆಯನ್ನು ಕಳಿಸಿಕೊಟ್ಟು ಕಾಲೋನಿಗೆ ಹೊರಟೆ. ಹಿರಿಯಡಕ ದಾಟಿ ಹೆಬ್ರಿಯ ಕಡೆಗೆ ಹೋಗುವ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ, ತೋಡಿನ ಆಚೆ, ಬುಟ್ಟಿ ಹೆಣೆಯುವ ಬುಡಕಟ್ಟಿನವರಾದ ಕೊರಗರ ಹನ್ನೊಂದು ಮನೆಗಳ ಕಾಲೋನಿ. ಕಾಲುಸಂಕದ ಕೆಳಗೆ ಕೆಂಪು ನೀರು ತುಂಬಿ ಹರಿಯುತ್ತಿತ್ತು. ಆಚೆ ದಡದಲ್ಲಿ ನಮ್ಮ ಆಶಾ ಕಾರ್ಯಕರ್ತೆ ಕೊಡೆ ಹಿಡಿದು ಕಾಯುತ್ತಿದ್ದಳು. ಅವಳು ಅದೇ ಕಾಲೋನಿಯವಳು, ಎಸ್ಸೆಸ್ಸೆಲ್ಸಿ ಮುಗಿಸಿದವಳು, ಆಶಾ ಆಗಿ ಮೂರು ವರ್ಷವಾಯಿತು.

ನಾವು ನೋಡಬೇಕಾದ ಹುಡುಗಿಗೆ ಇಪ್ಪತ್ತೊಂದು ವರ್ಷ. ಎರಡನೆಯ ಬಸಿರು, ಮೂವತ್ತೊಂದು ವಾರ. ತೂಕ 42 ಕಿಲೋ. ಕೆಳರೆಪ್ಪೆ ಎಳೆದು ನೋಡಿದೆ. ಕೆಂಪಿರಬೇಕಾದಲ್ಲಿ ಸುಣ್ಣ ಬಳಿದಂಥ ಬಿಳುಪು. ಬೆರಳು ಚುಚ್ಚಿ ಮೀಟರಿನಲ್ಲಿ ನೋಡಿದಾಗ ಹಿಮೋಗ್ಲೋಬಿನ್ 7.8. ಬಸುರಿಗೆ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. ಹೆರಿಗೆಯಲ್ಲಿ ಎಲ್ಲರಿಗೂ ಒಂದಿಷ್ಟು ರಕ್ತ ಹೋಗುತ್ತದೆ. 12 ಇರುವವಳು ತಡೆದುಕೊಳ್ಳುವ ರಕ್ತಸ್ರಾವವನ್ನು 7ರವಳ ಮೈ ತಡೆಯಲಾರದು. ಇಷ್ಟು ವರ್ಷಗಳಲ್ಲಿ ಅಂಥ ಎರಡು ಹೆರಿಗೆಗಳನ್ನು ಕಣ್ಣಾರೆ ಕಂಡಿದ್ದೇನೆ. ಅದರ ಬಗ್ಗೆ ಇಲ್ಲಿ ಬರೆಯಲಾರೆ.

ಜೂನ್ ತಿಂಗಳಲ್ಲಿ ಇದೇ ಹುಡುಗಿಯದ್ದು 8.6 ಇತ್ತು. ಆಗ ಎರಡು ತಿಂಗಳಿಗಾಗುವಷ್ಟು ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ದೆ. ಎರಡು ವಾರ ಬಿಟ್ಟು ಬಂದು ನೋಡಿದರೆ ಮಾತ್ರೆಯ ಪಟ್ಟಿಗಳೆಲ್ಲ ಮಾಡಿಗೆ ನೇತು ಹಾಕಿದ ಕುರುವೆ ಎಂಬ ಪುಟ್ಟ ಬುಟ್ಟಿಯೊಂದರ ತಳದಲ್ಲಿ ಒಂದೂ ಒಡೆಯದೆ ಕುಳಿತಿದ್ದವು. ಕಾಡುಬಳ್ಳಿಯಲ್ಲಿ ಹೆಣೆದ ಕುರುವೆ, ನೀರು ಹೊಯ್ದರೂ ನಿಲ್ಲುವುದೇನೋ ಎನ್ನುವಷ್ಟು ಬಿಗಿ. ನನಗೆ ಸಿಟ್ಟು ಬಂತು. "ಮಗು ಬೇಡವೇ ನಿನಗೆ?" ಎಂದು ಗದರಿದೆ. ಅವಳು ತಲೆ ತಗ್ಗಿಸಿದಳು. ಅವಳ ಅತ್ತೆ ಒಳಗೆ ಎದ್ದು ಹೋದರು. ಆ ಮಾತು ಆಡಬಾರದಿತ್ತು. ಇವತ್ತು ಹೋದ ಕೂಡಲೇ ಇಬ್ಬರ ಮುಂದೆಯೂ ಅದನ್ನು ಹೇಳಿದೆ.

ಅಂದು ನಾನು ಹೊರಟು ಬಂದ ಮೇಲೆ ಆಶಾ ಅಲ್ಲೇ ಉಳಿದಿದ್ದಳಂತೆ. ಮಾತ್ರೆಯ ವಿಷಯವನ್ನೇ ಎತ್ತಲಿಲ್ಲ. ಆ ಅತ್ತೆಯ, ಅಂದರೆ ಮನೆಯ ಅಜ್ಜಿಯ ಪಕ್ಕ ಕುಳಿತು ಬಳ್ಳಿ ಸೀಳಿಕೊಟ್ಟಿದ್ದಾಳೆ. ಮರುದಿನವೂ ಹಾಗೆಯೇ. ಮೂರನೆಯ ದಿನ ಅಜ್ಜಿಯೇ ಬಾಯಿ ಬಿಟ್ಟರು. ಅವರಿಬ್ಬರ ಮಾತು ಕೊರಗ ಭಾಷೆಯಲ್ಲಿ. ನಾನು ಹುಟ್ಟಿನಿಂದ ತುಳು ಆಡಿದವಳು, ಆದರೂ ಆ ಭಾಷೆಯ ನಾಲ್ಕು ಮಾತು ನನಗೆ ಬಾರದು. ಹತ್ತೊಂಬತ್ತು ವರ್ಷದಲ್ಲಿ ಕಲಿಯಬಹುದಿತ್ತು.

ಅಜ್ಜಿ ಹೇಳಿದ್ದರಲ್ಲಿ ಒಂದು, ಸೊಸೆ ಮೊದಲ ಬಸಿರಿನಲ್ಲಿ ಎರಡು ಮಾತ್ರೆ ತಿಂದಾಗ ಮಲ ಕಪ್ಪಾಗಿತ್ತು, ಒಳಗಿನ ರಕ್ತ ಕೊಳೆತು ಬರುತ್ತಿದೆ ಎಂದು ಹೆದರಿದರು. ಕಬ್ಬಿಣಾಂಶ ತಿಂದರೆ ಮಲ ಕಪ್ಪಾಗುತ್ತದೆ, ಅದು ತೊಂದರೆಯಲ್ಲ. ಮಾತ್ರೆ ಕೈಗಿಡುವಾಗಲೇ ನಾವು ಹೇಳಬೇಕಾದ ಒಂದು ವಾಕ್ಯ ಅದು. ಗಡಿಬಿಡಿಯಲ್ಲಿ ಹೇಳುವುದಿಲ್ಲ. ಎರಡನೆಯದನ್ನು ಅಜ್ಜಿ ಇವತ್ತು ನನ್ನೆದುರೇ ತುಳುವಿನಲ್ಲಿ ಹೇಳಿದರು. "ಅಕ್ಕ, ಕೊಟ್ಟದ್ದನ್ನು ನಾವು ಬಹಳ ತಿಂದಿದ್ದೇವೆ. ಅದರಲ್ಲಿ ಏನು ಬೆರೆಸಿದ್ದೀರಿ ಎಂದು ಕೇಳುವ ಬಾಯಿ ಆಗ ನಮಗಿರಲಿಲ್ಲ. ಈಗ ಕೇಳುತ್ತೇವೆ."

ಕೈಯಲ್ಲಿದ್ದ ಮಾತ್ರೆಯ ಪಟ್ಟಿಯನ್ನು ಹಾಗೆಯೇ ಕೆಳಗಿಟ್ಟೆ.

ಹೊರಗಿನ ಓದುಗರಿಗೆ ಇದು ತಿಳಿಯಲಿಕ್ಕಿಲ್ಲ. ಕರಾವಳಿಯಲ್ಲಿ ಅಜಲು ಎಂಬುದೊಂದಿತ್ತು. ಅನ್ನಕ್ಕೆ ಕೂದಲು, ಉಗುರು ಬೆರೆಸಿ ಕೊರಗರಿಗೆ ತಿನ್ನಿಸುವುದು, ಹಾಗೆ ತಿನ್ನಿಸಿದರೆ ಮನೆಯವರ ರೋಗ, ಅನಿಷ್ಟ ಎಲ್ಲ ಅವರ ಮೈಗೆ ಹೋಗುತ್ತದೆ ಎಂದು ನಂಬುವುದು. ಕಂಬಳ ಆರಂಭವಾಗುವ ಮೊದಲು ಅವರನ್ನು ಕೋಣಗಳಂತೆ ಓಡಿಸುವುದೂ ಇತ್ತು. ಇದನ್ನು ನಿಷೇಧಿಸಲು ಸರಕಾರ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು, ಅದೂ 2000ನೇ ಇಸವಿಯಲ್ಲಿ. ಅಜ್ಜಿಗೆ ಆಗಲೇ ಮೊಮ್ಮಕ್ಕಳಿದ್ದರು.

ನನ್ನ ಮನೆಯ ಮಾತನ್ನೂ ಬರೆಯಬೇಕು, ಬರೆಯದಿದ್ದರೆ ಮೇಲಿನದ್ದೆಲ್ಲ ಬೇರೆಯವರ ಪಾಪದಂತೆ ಕಾಣುತ್ತದೆ. ನನಗಾಗ ಏಳು ವರ್ಷವಿದ್ದಿರಬೇಕು. ನನ್ನ ಅತ್ತೆ ಚೊಚ್ಚಲ ಬಸುರಿ, ಮೈ ಸರಿಯಿರಲಿಲ್ಲ. ಅಂಗಳದಾಚೆ ಹಲಸಿನ ಮರದ ಬುಡದಲ್ಲಿ ಒಬ್ಬಳು ಬಾಳೆಲೆಯ ಮುಂದೆ ಕುಳಿತಿದ್ದಳು, ಸೊಂಟದಲ್ಲಿ ಮಗು. ನನ್ನ ಅಜ್ಜಿ ನಿಂತು ನೋಡುತ್ತಿದ್ದರು, ಎಲೆ ಖಾಲಿಯಾಗುವವರೆಗೆ ಕದಲಲಿಲ್ಲ. ಬಾಗಿಲ ಸಂದಿಯಿಂದ ನೋಡುತ್ತಿದ್ದ ನನ್ನನ್ನು ದೊಡ್ಡಮ್ಮ ಒಳಗೆ ಎಳೆದುಕೊಂಡರು. ಆ ಅನ್ನದಲ್ಲಿ ಏನಿತ್ತು ಎಂದು ನನಗೆ ತಿಳಿದದ್ದು ಕೆಲಸಕ್ಕೆ ಸೇರಿದ ಮೇಲೆ, ತರಬೇತಿಯೊಂದರಲ್ಲಿ. ಆ ಮನೆಯ ಮೊಮ್ಮಗಳು ಇವತ್ತು ಮಾತ್ರೆ ಹಿಡಿದು ಹೋಗಿ "ನಿಮ್ಮ ಒಳ್ಳೆಯದಕ್ಕೇ, ತಿನ್ನಿ" ಎನ್ನುತ್ತಾಳೆ. ತಿನ್ನದಿದ್ದರೆ ಅವರಿಗೆ ತಿಳಿವಳಿಕೆಯಿಲ್ಲ ಎಂದು ವರದಿ ಬರೆಯುತ್ತಾಳೆ. ನಾನೇ ಎಷ್ಟು ಸಲ ಹಾಗೆ ಬರೆದಿದ್ದೇನೋ.

ಆ ಹುಡುಗಿ ಆಸ್ಪತ್ರೆಗೆ ಹಿಂಜರಿಯಲು ಇನ್ನೂ ಹತ್ತಿರದ ಕಾರಣವೂ ಇದೆ. ಮೊದಲ ಹೆರಿಗೆಗೆ ಹೋದಲ್ಲಿ ಹತ್ತು ಜನರ ಮುಂದೆ ಜಾತಿ ಕೇಳಿ, ಬೇರೆ ಬೆಂಚು ತೋರಿಸಿದರಂತೆ. ನೋವು ತಿನ್ನುತ್ತಾ ಮೂರು ಗಂಟೆ ಆ ಬೆಂಚಿನಲ್ಲಿ ಕುಳಿತಿದ್ದಾಳೆ. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಆ ಬೆಂಚು ಎಲ್ಲಿ ಬೇಕಾದರೂ ಇರಬಹುದು, ನಮ್ಮ ಕೇಂದ್ರದಲ್ಲಿ ಇಲ್ಲ ಎಂದು ನಾಳೆ ಬೆಳಿಗ್ಗೆ ನಾನೇ ನೋಡಬೇಕು.

ಕರ್ನಾಟಕದಲ್ಲಿ ಕೊರಗರು 2001ರ ಜನಗಣತಿಯಲ್ಲಿ 16,071 ಇದ್ದರು, 2011ರಲ್ಲಿ 14,794. ಇಡೀ ರಾಜ್ಯದ ಜನ ಹೆಚ್ಚಿದ ಹತ್ತು ವರ್ಷಗಳಲ್ಲಿ ಇವರು ಕಡಿಮೆಯಾದರು. ಜೇನು ಕುರುಬರಂತೆ ಇವರನ್ನೂ ವಿಶೇಷವಾಗಿ ದುರ್ಬಲ ಬುಡಕಟ್ಟು ಎಂದು ಗುರುತಿಸಲಾಗಿದೆ. ಸಭೆಗಳಲ್ಲಿ ಈ ಸಂಖ್ಯೆಗಳನ್ನು ಓದುವಾಗ ಯಾವುದೋ ದೂರದ ವಿಷಯದಂತೆ ಕೇಳಿಸುತ್ತದೆ. 7.8 ಎಂದು ಮೀಟರಿನಲ್ಲಿ ಮೂಡುವಾಗ ಹಾಗನ್ನಿಸುವುದಿಲ್ಲ.

ದಾರಿ ಇಲ್ಲವೆಂದಲ್ಲ, ನಮ್ಮ ರಾಜ್ಯದಲ್ಲೇ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಬುಡಕಟ್ಟಿನ ಹುಡುಗಿಯರಿಗೇ ದಾದಿಯ ತರಬೇತಿ ಕೊಟ್ಟು, ಅವರವರ ಜನರ ನಡುವಿನ ಕೆಲಸಕ್ಕೆ ಸಿದ್ಧಗೊಳಿಸಿತು. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಮತ್ತು ರಾಣಿ ಬಂಗ್ ದಂಪತಿ ಊರಿನ ಹೆಂಗಸರಿಗೆ ಕಲಿಸಿ, ಮನೆಯಲ್ಲೇ ನವಜಾತ ಶಿಶುಗಳ ಆರೈಕೆ ಮಾಡಿಸಿದರು. ಅಲ್ಲಿ ಹಸುಗೂಸುಗಳ ಸಾವು ಶೇಕಡಾ 62ರಷ್ಟು ಇಳಿದದ್ದು 1999ರಲ್ಲಿ ಪ್ರಕಟವಾಯಿತು. ಹೆರಿಗೆಯಾಗಿ 3, 7, 14, 21, 28 ಮತ್ತು 42ನೇ ದಿನ ಆಶಾ ಮನೆಗೆ ಹೋಗಿ ಮಗುವನ್ನು ನೋಡಬೇಕೆಂಬ ಇಂದಿನ ನಿಯಮದ ಬೇರು ಆ ಹಳ್ಳಿಗಳಲ್ಲಿದೆ. ಹೋಗುವವಳು ಯಾರು ಎಂಬುದು ಮಾತ್ರ ನಮ್ಮಲ್ಲಿ ಇನ್ನೂ ಅದೃಷ್ಟದ ಮಾತು. ಈ ಕಾಲೋನಿಗೆ ಅದೃಷ್ಟವಿತ್ತು. ಇದಕ್ಕೆ ಮೊದಲಿದ್ದ ಆಶಾ ಒಳ್ಳೆಯವಳೇ, ಆದರೆ ಈ ಮನೆಗಳ ಜಗಲಿ ಹತ್ತುತ್ತಿರಲಿಲ್ಲ. ಅಂಗಳದಲ್ಲೇ ನಿಂತು ಮಾತನಾಡಿ ಹೋಗುತ್ತಿದ್ದಳು.

ಇವತ್ತು ನಡೆದದ್ದು ಇಷ್ಟು. ಬಸುರಿ, ಬಾಣಂತಿಯರನ್ನು ಬಿಟ್ಟು 20ರಿಂದ 49ರ ಹೆಂಗಸರೆಲ್ಲರಿಗೂ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆಯಿದೆ. ಆಶಾ ತನ್ನ ಪಾಲಿನದ್ದನ್ನು ಅಜ್ಜಿಯ ಎದುರೇ ಒಡೆದು ನುಂಗಿದಳು. ಹಾಳೆ ಹರಿದು ಕೆಂಪು ಮಾತ್ರೆ ಹೊರಬರುವುದನ್ನು ಅಜ್ಜಿ ನೋಡುತ್ತಲೇ ಇದ್ದರು. ಯಾರು ಮಾಡಿದ್ದು, ಎಲ್ಲಿಂದ ಬಂದದ್ದು, ಒಳಗೆ ಏನಿದೆ ಎಂದು ಒಂದೊಂದಾಗಿ ಕೇಳಿದರು. ತಿಳಿದದ್ದನ್ನೆಲ್ಲ ಹೇಳಿದೆ. ಚಹಾ ಕುಡಿದ ಮೇಲೆ ತಿಂದರೆ ಮೈಗೆ ಹಿಡಿಯದು, ಊಟದ ಜೊತೆ ಲಿಂಬೆಹುಳಿ ಇದ್ದರೆ ಚೆನ್ನಾಗಿ ಹಿಡಿಯುತ್ತದೆ, ಹೊಟ್ಟೆ ತೊಳಸಿದರೆ ರಾತ್ರಿ ಮಲಗುವಾಗ ತಿನ್ನಿ, ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ ಇರಲಿ ಎಂದೆ. ಒಲೆಯ ಮೇಲೆ ತಜಂಕ್ ಸೊಪ್ಪು ಮತ್ತು ಹಲಸಿನ ಬೀಜದ ಪಲ್ಯ ಇತ್ತು. ಅದು ಬಹಳ ಒಳ್ಳೆಯದು, ಬಿಡಬೇಡಿ ಎಂದಾಗ ಅಜ್ಜಿಯ ಮುಖ ಮೊದಲ ಬಾರಿಗೆ ಸಡಿಲವಾಯಿತು.

ಆಟಿಯಲ್ಲಿ ಈ ಮನೆಗಳಿಗೆ ಕಷ್ಟ. ಮಳೆಗೆ ಕಾಡಿಗೆ ಹೋಗಿ ಬಳ್ಳಿ ತರಲಾಗುವುದಿಲ್ಲ, ತಂದು ಹೆಣೆದರೂ ಪ್ಲಾಸ್ಟಿಕ್ ಬುಟ್ಟಿಯ ಬೆಲೆಗೆ ಕೇಳುತ್ತಾರೆ. ಬುಡಕಟ್ಟು ಜನರ ಅಭಿವೃದ್ಧಿಯ ಸರಕಾರಿ ಯೋಜನೆ ಐಟಿಡಿಪಿಯಿಂದ ಬರುವ ಪೌಷ್ಟಿಕ ಆಹಾರದಲ್ಲಿ ಬೇಳೆ, ಬೆಲ್ಲ, ಮೊಟ್ಟೆ ಇದೆ. ಮೊಟ್ಟೆ ಯಾರು ತಿನ್ನುತ್ತಾರೆ ಎಂದು ಕೇಳಿದೆ. ಮಗು, ಗಂಡ, ಮೈದುನ. ಬಸುರಿಯ ಸರದಿ ಬರುವಾಗ ಮುಗಿದಿರುತ್ತದೆ. ಇದು ಎಲ್ಲ ಜಾತಿಯ ಮನೆಯಲ್ಲೂ ನಾನು ಕಂಡದ್ದೇ. ಮೈದುನನನ್ನು ಕರೆದು ಹೇಳಿದೆ. ಹುಡುಗ ಒಳ್ಳೆಯವನು, ನಾಚಿಕೊಂಡ.

ಹೆರಿಗೆ ಹತ್ತಿರವಿರುವುದರಿಂದ ಮಾತ್ರೆಯೊಂದೇ ಸಾಲದು, ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡಿಸಬೇಕು. ಫೋನಿನಲ್ಲಿ ವೈದ್ಯರೊಂದಿಗೆ ಮಾತನಾಡಿ ಶನಿವಾರ ಎಂದು ಗೊತ್ತು ಮಾಡಿದೆ. ಹುಡುಗಿ ಆಶಾಳ ಮುಖ ನೋಡಿದಳು. "ನಾನು ಬರುತ್ತೇನೆ, ಮುಗಿಯುವ ತನಕ ಪಕ್ಕದಲ್ಲೇ ಇರುತ್ತೇನೆ" ಎಂದಳು ಆಶಾ. ನಾನೂ ಬರುತ್ತೇನೆ ಎಂದೆ. ಆಗಲಿ ಎಂದಳು.

ಹೊರಡುವ ಹೊತ್ತಿಗೆ ಅಜ್ಜಿ ಮೀಟರಿನತ್ತ ಬೆರಳು ಮಾಡಿ, "ಅದು ಮುದುಕಿಯರದ್ದನ್ನೂ ಹೇಳುತ್ತದೆಯೇ?" ಎಂದು ಕೇಳಿದರು. ಏನು ಉತ್ತರಿಸಲಿ? ದೇಶದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಆ ಲೆಕ್ಕ 15ರಿಂದ 49ರ ವಯಸ್ಸಿನವರದ್ದು. ಹೆರುವ ವಯಸ್ಸು ದಾಟಿದವಳ ರಕ್ತವನ್ನು ಆ ಲೆಕ್ಕ ಕೇಳಿಯೇ ಇಲ್ಲ. ಈ ಅಜ್ಜಿ ಐದು ಹೆತ್ತವರು, ಎಲ್ಲವೂ ಮನೆಯಲ್ಲೇ. ಇದುವರೆಗೆ ಯಾರೂ ಅವರ ಬೆರಳು ಚುಚ್ಚಿ ನೋಡಿರಲಿಲ್ಲ.

ಬಲಗೈ ನೀಡಿದರು. ತೋರುಬೆರಳ ತುದಿ ಬಿದಿರಿನ ಗೆಣ್ಣಿನಷ್ಟು ಗಟ್ಟಿ, ಬಳ್ಳಿ ಎಳೆದೆಳೆದು ಗೆರೆಗಳೇ ಅಳಿಸಿವೆ. ಸೂಜಿ ಚುಚ್ಚಿದೆ, ರಕ್ತ ಬರಲಿಲ್ಲ. ಇನ್ನೊಂದು ಬೆರಳಿಗೂ ಬರಲಿಲ್ಲ. ಆಶಾ ಅವರ ಎಡಗೈಯನ್ನು ತನ್ನ ಎರಡು ಅಂಗೈಗಳ ನಡುವೆ ಇಟ್ಟು ಉಜ್ಜಿ ಬಿಸಿ ಮಾಡಿ, ಉಂಗುರದ ಬೆರಳನ್ನು ನನ್ನ ಮುಂದೆ ಹಿಡಿದಳು. ಅಲ್ಲಿ ಚರ್ಮ ಸ್ವಲ್ಪ ಮೆತ್ತಗಿತ್ತು. ಹನಿ ಬಂತು. ನೀರು ಬೆರೆಸಿದ ಕುಂಕುಮದಂಥ ತೆಳು ಬಣ್ಣ.

7.4.

ಸೊಸೆಯದ್ದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಅಜ್ಜಿ ಕೇಳಿದರು. ಆಶಾ ಅವರ ಭಾಷೆಯಲ್ಲಿ ಏನೋ ಹೇಳಿದಳು, ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ತಲೆಯಾಡಿಸಿದರು. ಗರ್ಭಿಣಿಯರ ರಿಜಿಸ್ಟರಿನಲ್ಲಿ ಅವರನ್ನು ಬರೆಯುವ ಕಲಂ ಇಲ್ಲ. ಕೊನೆಯ ಖಾಲಿ ಪುಟದಲ್ಲಿ ಗೆರೆ ಎಳೆದು ಹೆಸರು, ವಯಸ್ಸು, 7.4 ಎಂದು ಬರೆದುಕೊಂಡೆ. ಶನಿವಾರದ ಆಟೋದಲ್ಲಿ ಈಗ ನಾಲ್ಕು ಜನ.