ಯೂರೋಪಿನ ಸಂಗೀತ ಹಬ್ಬಕ್ಕೆ ಹೊರಟಿದ್ದೀರಾ? ಮೊದಲು ಮಲಗೋ ಜಾಗ ನೋಡಿ

ಜೂನ್‌ನಿಂದ ಆಗಸ್ಟ್‌ವರೆಗೆ ಯೂರೋಪಿನಲ್ಲಿ ಎಲ್ಲೋ ಒಂದು ಕಡೆ ಸಂಗೀತ ಹಬ್ಬ ನಡೆಯುತ್ತಲೇ ಇರುತ್ತದೆ. ಹೊರಡುವವರು ಮೊದಲು ನೋಡುವುದು ಯಾರು ಹಾಡುತ್ತಾರೆ ಅಂತ. ನಾನೂ ನನ್ನ ಹೆಂಡತಿಯೂ ಮೊದಲು ನೋಡಿದ್ದು ರಾತ್ರಿ ಎಲ್ಲಿ ಮಲಗುತ್ತೇವೆ ಅಂತ. ನಲವತ್ತು ದಾಟಿದವರಿಗೆ ಅದೇ ಸರಿ.

ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ನಡೆಯುವುದು ಹಸು ಸಾಕುವವರ ಹೊಲದಲ್ಲಿ. ಹೆಚ್ಚಿನವರು ಟೆಂಟ್ ಹಾಕುತ್ತಾರೆ, ಮಳೆ ಬಂದರೆ ಮೊಣಕಾಲುದ್ದ ಬೂಟು ಬೇಕು. ಫೋಟೋ ಕೊಟ್ಟು ಮೊದಲೇ ನೋಂದಾಯಿಸಬೇಕು. ಟಿಕೆಟ್ ಒಂದು ಗಂಟೆಯೊಳಗೆ ಖಾಲಿ! ಹೊಲಕ್ಕೆ ವಿಶ್ರಾಂತಿ ಕೊಡಲು ಕೆಲವು ವರ್ಷ ಹಬ್ಬವನ್ನೇ ಬಿಡುತ್ತಾರೆ, 2026 ಅಂಥ ವರ್ಷ. ಬುಡಾಪೆಸ್ಟಿನ ಸಿಗೆಟ್ ಡ್ಯಾನ್ಯೂಬ್ ನದಿಯ ದ್ವೀಪದಲ್ಲಿ ಆಗುತ್ತದೆ. ಊರಲ್ಲೇ ರೂಮ್ ಮಾಡಿ ಹೋಗಿಬರಬಹುದು. ಆದರೆ ಅದು ಕುಣಿಯುವ ವಯಸ್ಸಿನವರ ಜಾಗ, ಬೆಳಗಿನ ಜಾವದವರೆಗೂ ಸದ್ದು.

ನಾವು ಆರಿಸಿದ್ದು ಸ್ವಿಟ್ಜರ್ಲೆಂಡಿನ ಮಾಂಟ್ರೋ ಜಾಝ್ ಹಬ್ಬ. 1967ರಿಂದ ನಡೆಯುತ್ತಿದೆ, ಪ್ರತಿ ಜುಲೈಯಲ್ಲಿ ಸುಮಾರು ಎರಡು ವಾರ. ಹೆಸರು ಜಾಝ್ ಅಂತಿದ್ದರೂ ರಾಕ್, ಪಾಪ್, ಹಿಪ್‌ಹಾಪ್ ಎಲ್ಲ ಇರುತ್ತದೆ. ನನಗೆ ಹಿಡಿಸಿದ್ದು ಇಷ್ಟು: ಜಿನೀವಾ ಸರೋವರದ ದಂಡೆಯುದ್ದಕ್ಕೂ ಬಿಟ್ಟಿ ಕಛೇರಿಗಳು. ದೊಡ್ಡ ಹೆಸರಿನವರಿಗೆ ಟಿಕೆಟ್ ಬೇಕು, ಅದೂ ದುಬಾರಿ. ನಾವು ಒಂದೇ ಒಂದು ಸಂಜೆಗೆ ಕೊಂಡೆವು. ಉಳಿದ ದಿನ ದಂಡೆಯ ಮೇಲೆ ನಡೆಯುತ್ತಾ, ಚೆನ್ನಾಗಿದ್ದಲ್ಲಿ ನಿಂತು, ಬೇಸರವಾದರೆ ಮುಂದಕ್ಕೆ ಹೋಗುತ್ತಾ ಕೇಳಿದೆವು. ಪೂರ್ತಿ ಅಪರಿಚಿತ ತಂಡಗಳೇ ಜಾಸ್ತಿ ಇಷ್ಟವಾದವು. ಜುಲೈಯಲ್ಲಿ ಅಲ್ಲಿ ಕತ್ತಲಾಗುವುದು ರಾತ್ರಿ ಒಂಬತ್ತೂವರೆ ಮೇಲೆ. ಹಾಗಾಗಿ ಸಂಜೆ ಅನ್ನುವುದು ಮುಗಿಯುವುದೇ ಇಲ್ಲ.

ಹಬ್ಬದ ದಿನಗಳಲ್ಲಿ ಮಾಂಟ್ರೋ ಊರೊಳಗಿನ ಹೋಟೆಲ್ ದರ ಕೇಳಬೇಡಿ. ಪಕ್ಕದ ವೆವೇಯಲ್ಲಿ ಉಳಿಯಿರಿ, ರೈಲಿನಲ್ಲಿ ಹತ್ತು ನಿಮಿಷವೂ ಇಲ್ಲ. ಅಲ್ಲಿ ಹೋಟೆಲಿನವರು ರಿವಿಯೆರಾ ಕಾರ್ಡ್ ಕೊಡುತ್ತಾರೆ, ಆ ಭಾಗದ ಬಸ್ಸುಗಳಿಗೆ ದುಡ್ಡು ಕೊಡಬೇಕಿಲ್ಲ. ಲೋಸಾನ್‌ನಲ್ಲಿ ರೂಮುಗಳು ಜಾಸ್ತಿ ಸಿಗುತ್ತವೆ, ಆದರೆ ಅಲ್ಲಿಂದ ಇಪ್ಪತ್ತು ನಿಮಿಷದ ಮೇಲಾಗುತ್ತದೆ, ರೈಲಿನ ಖರ್ಚೂ ಸೇರುತ್ತದೆ. ಎಲ್ಲೇ ಇರಿ, ಕಡೆಯ ರೈಲು ಎಷ್ಟು ಹೊತ್ತಿಗೆ ಅಂತ ಸ್ವಿಸ್ ರೈಲ್ವೆಯ ಎಸ್‌ಬಿಬಿ ಆ್ಯಪ್‌ನಲ್ಲಿ ಸಂಜೆಯೇ ನೋಡಿಟ್ಟುಕೊಳ್ಳಿ. ಜಿನೀವಾ ವಿಮಾನ ನಿಲ್ದಾಣದಿಂದ ಮಾಂಟ್ರೋಗೆ ನೇರ ರೈಲಿದೆ, ಒಂದು ಗಂಟೆ ಚಿಲ್ಲರೆ.

ಊಟದ ಮಾತು. ದಂಡೆಯ ಅಂಗಡಿಗಳಲ್ಲಿ ಫಲಾಫೆಲ್ (ಕಡಲೆ ರುಬ್ಬಿ ಕರಿದ ವಡೆ), ಆಲೂಗಡ್ಡೆ ಮೇಲೆ ಕರಗಿದ ಚೀಸ್ ಸಿಗುತ್ತದೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಒಂದು ವಿಷಯ ತಿಳಿದಿರಲಿ: ಗ್ರುಯೇರ್‌ನಂಥ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ನನ್ನ ಹೆಂಡತಿಗೆ ಹೇಳಿದ್ದೇ ತಡ, ಅವಳು ಫಲಾಫೆಲ್ ಕಡೆ ತಿರುಗಿದಳು. ನೀರು ಕೊಳ್ಳಬೇಡಿ, ನಲ್ಲಿ ನೀರೇ ಕುಡಿಯಬಹುದು. ಭಾನುವಾರ ಹೆಚ್ಚಿನ ಸೂಪರ್ ಮಾರ್ಕೆಟ್‌ಗಳು ಮುಚ್ಚಿರುತ್ತವೆ. ಶನಿವಾರವೇ ಹಣ್ಣು, ಬ್ರೆಡ್ಡು ತಂದಿಡಿ.

ವೀಸಾ ವಿಷಯದಲ್ಲಿ ಮಾತ್ರ ಸೋಮಾರಿತನ ಬೇಡ. ಸ್ವಿಟ್ಜರ್ಲೆಂಡ್ ಸೇರಿ ಯೂರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ ಶೆಂಗೆನ್. ಅದಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಬೇಸಿಗೆ ಹತ್ತಿರ ಬಂದ ಹಾಗೆ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ. ಕನಿಷ್ಠ 30,000 ಯೂರೋವರೆಗಿನ ಆಸ್ಪತ್ರೆ ಖರ್ಚು ಭರಿಸುವ ಪ್ರಯಾಣ ವಿಮೆ ಬೇಕು. ಯಾರು ಹಾಡುತ್ತಾರೆ ಅಂತ ಗೊತ್ತಾಗುವವರೆಗೆ ಕಾಯಬೇಡಿ. ಹಬ್ಬದ ದಿನಾಂಕ ನೋಡಿ, ರದ್ದು ಮಾಡಬಹುದಾದ ರೂಮ್ ಹಿಡಿದು, ಅರ್ಜಿ ಹಾಕಿಬಿಡಿ.

ಲಂಡನ್ನಿನಲ್ಲಿ ಮಗನೋ ಮಗಳೋ ಇದ್ದರೆ ಇನ್ನೊಂದು ದಾರಿಯಿದೆ. ರಾಯಲ್ ಆಲ್ಬರ್ಟ್ ಹಾಲ್‌ನ ಪ್ರಾಮ್ಸ್ ಅನ್ನುವ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಹಬ್ಬ ಜುಲೈಯಿಂದ ಸೆಪ್ಟೆಂಬರ್‌ವರೆಗೆ ನಡೆಯುತ್ತದೆ. ನಿಂತು ಕೇಳುವವರಿಗೆ ಅಗ್ಗದ ಟಿಕೆಟ್ ಅದೇ ದಿನ ಮಾರುತ್ತಾರೆ. ಅಲ್ಲಿಗೆ ಶೆಂಗೆನ್ ನಡೆಯುವುದಿಲ್ಲ, ಬ್ರಿಟನ್ ವೀಸಾ ಬೇರೆ ಮಾಡಿಸಬೇಕು.